ಹೊಗೆ ಕಂಡಲ್ಲೆಲ್ಲ ಬೆಂಕಿ ಇರಲೇಬೇಕೇ?

ಗುಡ್ಡದ ಮೇಲೆ ಹೊಗೆ ಕಾಣುತ್ತಿದೆ, ಬೆಂಕಿ ಕಾಣುತ್ತಿಲ್ಲ. ಆದರೂ ಅಲ್ಲಿ ಬೆಂಕಿ ಇದೆ ಎಂದು ಧೈರ್ಯವಾಗಿ ಹೇಳುತ್ತೇವೆ, ಅಲ್ವಾ? ಈ ಧೈರ್ಯ ಎಲ್ಲಿಂದ ಬಂತು ಎಂದು ನಮ್ಮ ದಾರ್ಶನಿಕರು ಸಾವಿರಕ್ಕೂ ಹೆಚ್ಚು ವರ್ಷ ವಾದ ಮಾಡಿದ್ದಾರೆ.

ಸರಿಯಾದ ತಿಳಿವಳಿಕೆ ಕೊಡುವ ದಾರಿಗೆ ಪ್ರಮಾಣ ಎಂದು ಹೆಸರು. ತರ್ಕಕ್ಕೆ ಹೆಸರಾದ ನ್ಯಾಯದರ್ಶನದ ಮೂಲಗ್ರಂಥ, ಗೌತಮನ ನ್ಯಾಯಸೂತ್ರದಲ್ಲಿ ನಾಲ್ಕು ಪ್ರಮಾಣಗಳಿವೆ: ಪ್ರತ್ಯಕ್ಷ (ಕಣ್ಣು, ಕಿವಿಯಂಥ ಇಂದ್ರಿಯಗಳಿಂದ ತಿಳಿಯುವುದು), ಅನುಮಾನ (ಅಂದರೆ ಊಹಿಸಿ ತಿಳಿಯುವುದು), ಉಪಮಾನ (ಹೋಲಿಕೆಯಿಂದ ತಿಳಿಯುವುದು), ಶಬ್ದ (ನಂಬತಕ್ಕವರ ಮಾತಿನಿಂದ ತಿಳಿಯುವುದು). ಸಾಂಖ್ಯ ಎಂಬ ಇನ್ನೊಂದು ದರ್ಶನದವರಿಗೆ ಮೂರೇ ಸಾಕು. ವೇದವಾಕ್ಯಗಳ ಅರ್ಥ ವಿಚಾರಿಸುವ ಮೀಮಾಂಸೆಯ ಕುಮಾರಿಲ ಭಟ್ಟನಿಗೆ ಆರು ಬೇಕು. ವೇದ, ಪರಲೋಕ ಒಪ್ಪದ ಚಾರ್ವಾಕರು ಪ್ರತ್ಯಕ್ಷ ಒಂದನ್ನೇ ಒಪ್ಪಿದರು.

ಚಾರ್ವಾಕರ ತಕರಾರು ಸುಮ್ನೆ ತಳ್ಳಿಹಾಕುವಂಥದ್ದಲ್ಲ. ಅಡುಗೆಮನೆಯಲ್ಲಿ ಹೊಗೆ, ಬೆಂಕಿ ಜೊತೆಗಿದ್ದವು, ಸರಿ. ಎಲ್ಲ ಊರಲ್ಲೂ ಎಲ್ಲ ಕಾಲದಲ್ಲೂ ಹಾಗೇ ಎಂದು ನೋಡಿ ಬಂದವರು ಯಾರು? ಬೆಂಕಿ ಇದ್ದಲ್ಲೆಲ್ಲ ಹೊಗೆ ಇರುವುದಿಲ್ಲ. ಕೆಂಪಗೆ ಕಾದ ಕಬ್ಬಿಣದ ಗುಂಡಿನಲ್ಲಿ ಹೊಗೆ ಎಲ್ಲಿದೆ? ಹೊಗೆಗೆ ಹಸಿ ಸೌದೆ ಬೇಕು. ಇಂಥ ಒಳಗಿನ ಷರತ್ತಿಗೆ ಉಪಾಧಿ ಎನ್ನುತ್ತಾರೆ. ನಮಗೆ ಕಾಣದ ಇನ್ನೊಂದು ಉಪಾಧಿ ಎಲ್ಲೋ ಅಡಗಿದ್ದರೆ?

10–11ನೇ ಶತಮಾನದ ಉದಯನ, ನ್ಯಾಯದರ್ಶನದವನು, ಇದಕ್ಕೆ ಒಂದು ಶ್ಲೋಕದಲ್ಲಿ ಉತ್ತರ ಕೊಟ್ಟ. ಸಂಶಯಕ್ಕೂ ಒಂದು ಎಲ್ಲೆ ಇದೆ. ನೀನು ನಡೆದುಕೊಳ್ಳುವ ರೀತಿಗೇ ಅದು ಅಡ್ಡ ಬಂದಾಗ ಅಲ್ಲಿಗೆ ನಿಲ್ಲಬೇಕು ಎಂದ. 12ನೇ ಶತಮಾನದ ಅದ್ವೈತಿ ಶ್ರೀಹರ್ಷ ಅದೇ ಶ್ಲೋಕದ ಪದಗಳನ್ನು ಸ್ವಲ್ಪ ಹಿಂದೆಮುಂದೆ ಮಾಡಿ ಉದಯನನ ಮೇಲೆಯೇ ತಿರುಗಿಸಿದ! ನೈಷಧೀಯಚರಿತ ಎಂಬ ಸಂಸ್ಕೃತ ಕಾವ್ಯದ ಕವಿಯೂ ಇವನೇ, ಕೈಚಳಕಕ್ಕೆ ಕೊರತೆ ಇರಲಿಲ್ಲ. ಮುಂದೆ ನ್ಯಾಯದರ್ಶನದವನೇ ಆದ ಮಿಥಿಲೆಯ ಗಂಗೇಶ ಶ್ರೀಹರ್ಷನಿಗೆ ಉತ್ತರ ಕೊಟ್ಟ. ನಿನಗೆ ನಿಜಕ್ಕೂ ಸಂಶಯವಿದ್ದರೆ ಹೊಗೆ ಬೇಕಾದಾಗ ಬೆಂಕಿಯನ್ನೇ ಯಾಕೆ ಹಚ್ಚುತ್ತೀಯ, ಹಸಿವಾದಾಗ ಊಟವನ್ನೇ ಯಾಕೆ ಮಾಡುತ್ತೀಯ ಎಂದು ಕೇಳಿದ. ಇಡೀ ಜಗಳದಲ್ಲಿ ನನಗೆ ಜಾಸ್ತಿ ಹಿಡಿಸಿದ್ದು ಈ ಮಾತು.

ಗಂಗೇಶನ ಗ್ರಂಥ ತತ್ತ್ವಚಿಂತಾಮಣಿ ದಕ್ಷಿಣಕ್ಕೂ ಬಂತು. ಪುರಂದರದಾಸರ ಗುರುಗಳೆಂದು ನಾವು ನೆನೆಯುವ ವ್ಯಾಸತೀರ್ಥರು ವಿಜಯನಗರದ ಕಾಲದಲ್ಲಿ ತರ್ಕತಾಂಡವ ಬರೆದು ಅದನ್ನು ಎದುರಿಸಿದರು. ಅವರ ಮಧ್ವಮತದಲ್ಲಿ ಪ್ರತ್ಯಕ್ಷ, ಅನುಮಾನ, ಆಗಮ (ವೇದವೇ ಮೊದಲಾದ ಶಾಸ್ತ್ರದ ಮಾತು) ಎಂಬ ಮೂರೇ ದಾರಿಗಳು. ಉಪಮಾನಕ್ಕೆ ಬೇರೆ ಜಾಗವಿಲ್ಲ. ಬಂದ ತಿಳಿವಳಿಕೆ ಸರಿ ಎಂದು ಒಪ್ಪುವುದು ಯಾರು? ನಮ್ಮೊಳಗೇ ಇದ್ದು ತಿಳಿಯುವ ಸಾಕ್ಷಿ ಎಂದರು ಮಾಧ್ವರು. ನೈಯಾಯಿಕರು, ಅಂದರೆ ನ್ಯಾಯದರ್ಶನದವರು, ಇದಕ್ಕೆ ಜಗ್ಗಲಿಲ್ಲ. ದೂರದಲ್ಲಿ ಕಂಡದ್ದು ನೀರೇ ಎಂದು ಖಾತ್ರಿಯಾಗಬೇಕಾದರೆ ಹತ್ತಿರ ಹೋಗಿ ಕುಡಿದೇ ನೋಡಬೇಕು ಎಂಬುದು ಅವರ ಪಟ್ಟು.