ಎಂಬಿಬಿಎಸ್ ಪಾಸಾದರೆ ಲೈಸೆನ್ಸ್ ಬಂತಾ? ಹಾಸನದಿಂದ ಒಂದು ಅಧ್ಯಯನ ಟಿಪ್ಪಣಿ

ಫೊರೆನ್ಸಿಕ್ ಮೆಡಿಸಿನ್ ಓದುವಾಗ ನೋಂದಣಿ, ಲೈಸೆನ್ಸಿನ ಪಾಠವನ್ನು ನಾವೆಲ್ಲ ಕೊನೆಗೆ ಇಟ್ಟುಕೊಳ್ಳುತ್ತೇವೆ. ವಿಷ, ಗಾಯ, ಪೋಸ್ಟ್‌ಮಾರ್ಟಂ ಎಲ್ಲ ಮುಗಿದು ಟೈಮ್ ಉಳಿದರೆ ಕಾನೂನು. ಆದರೆ ಕಾಲೇಜಿನ ಗೇಟು ದಾಟಿದ ದಿನವೇ ಬೇಕಾಗುವುದು ಈ ಪಾಠ. ಹಾಸನದಲ್ಲಿ ನಮ್ಮ ಜೊತೆ ಓದುವವರಿಗೂ ಚಿಕ್ಕಮಗಳೂರು ಕಾಲೇಜಿನ ಜೂನಿಯರ್‌ಗಳಿಗೂ ಉಪಯೋಗವಾಗಲಿ ಅಂತ ತಲೆಯಲ್ಲಿ ಬಿಸಿ ಇರುವಾಗಲೇ ಬರೆದಿಡುತ್ತಿದ್ದೇನೆ.

ಸೀಟು ಸಿಗುವ ತನಕದ್ದು ನಿಮಗೆ ಗೊತ್ತೇ ಇದೆ. 17 ವರ್ಷ ಆಗಿರಬೇಕು, ಪಿಯುಸಿಯಲ್ಲಿ ಫಿಸಿಕ್ಸ್, ಕೆಮಿಸ್ಟ್ರಿ, ಬಯಾಲಜಿ ಇರಬೇಕು, ನೀಟ್ ಬರೆದಿರಬೇಕು. ಆಮೇಲೆ ನಾಲ್ಕೂವರೆ ವರ್ಷ ಓದು, 12 ತಿಂಗಳು ಇಂಟರ್ನ್‌ಶಿಪ್. ಮೊದಲ ವರ್ಷದ ಪರೀಕ್ಷೆಗೆ ಒಟ್ಟು 4 ಅವಕಾಶ ಮಾತ್ರ. ಇಷ್ಟು ಸಾಕು.

ಕೊಟ್ಟವರು ಯಾರು?

ಈ ಪಾಠಕ್ಕೆ ನಾನು ನೆಚ್ಚಿಕೊಂಡಿರುವ ಸುಲಭ ದಾರಿ ಇದು. ಯಾವ ಕಾಗದ ಕೈಗೆ ಬಂದರೂ ಅದನ್ನು ಕೊಟ್ಟವರು ಯಾರು ಅಂತ ಮೊದಲು ನೋಡಿ. ಡಿಗ್ರಿ ಕೊಡುವುದು ವಿಶ್ವವಿದ್ಯಾಲಯ, ನಮಗಾದರೆ ರಾಜೀವ್ ಗಾಂಧಿ ಆರೋಗ್ಯ ವಿಜ್ಞಾನಗಳ ವಿಶ್ವವಿದ್ಯಾಲಯ. ಆ ಕಾಗದ ಹೇಳುವುದು ನೀವು ಓದಿದ್ದೀರಿ ಅಂತ ಮಾತ್ರ. ಚಿಕಿತ್ಸೆ ಕೊಡುವ ಹಕ್ಕು ಬರುವುದು ರಿಜಿಸ್ಟರಿನಲ್ಲಿ ಹೆಸರು ಸೇರಿದಾಗ. ನಮ್ಮ ರಾಜ್ಯದಲ್ಲಿ ಆ ರಿಜಿಸ್ಟರು ಇಟ್ಟುಕೊಂಡಿರುವುದು ಬೆಂಗಳೂರಿನ ಕರ್ನಾಟಕ ವೈದ್ಯಕೀಯ ಪರಿಷತ್ತು. ಅದಕ್ಕೆ ಆಧಾರ 1961ರ ರಾಜ್ಯ ಕಾಯ್ದೆ.

ದೇಶದ ಮಟ್ಟದಲ್ಲಿ ಮೊದಲು 1956ರ ಕಾಯ್ದೆ ಇತ್ತು. ಈಗಿರುವುದು ರಾಷ್ಟ್ರೀಯ ವೈದ್ಯಕೀಯ ಆಯೋಗ ಕಾಯ್ದೆ, 2019. 2020ರ ಸೆಪ್ಟೆಂಬರ್ 25ರಂದು ಆಯೋಗ ಹಳೆಯ ಭಾರತೀಯ ವೈದ್ಯಕೀಯ ಕೌನ್ಸಿಲ್‌ನ ಜಾಗಕ್ಕೆ ಬಂತು. ಸೆಕ್ಷನ್ 34 ಬಾಯಿಪಾಠ ಮಾಡಿ. ರಿಜಿಸ್ಟರಿನಲ್ಲಿ ಹೆಸರಿಲ್ಲದವರು ವೈದ್ಯವೃತ್ತಿ ಮಾಡುವ ಹಾಗಿಲ್ಲ, ಸರ್ಕಾರಿ ವೈದ್ಯರ ಹುದ್ದೆಯಲ್ಲಿ ಇರುವ ಹಾಗಿಲ್ಲ, ವೈದ್ಯಕೀಯ ಸರ್ಟಿಫಿಕೇಟಿಗೆ ಸಹಿ ಹಾಕುವ ಹಾಗಿಲ್ಲ, ಕೋರ್ಟಿನಲ್ಲಿ ತಜ್ಞರಾಗಿ ಸಾಕ್ಷಿ ಹೇಳುವ ಹಾಗಿಲ್ಲ. ಮೀರಿದರೆ ಒಂದು ವರ್ಷದವರೆಗೆ ಜೈಲು, ಇಲ್ಲವೇ 5 ಲಕ್ಷ ರೂಪಾಯಿವರೆಗೆ ದಂಡ, ಇಲ್ಲವೇ ಎರಡೂ.

ಪ್ರಾವಿಜನಲ್ ನೋಂದಣಿ: ಇಲ್ಲಿ ನಿಧಾನವಾಗಿ ಓದಿ

ನನಗೆ ಜಾಸ್ತಿ ತಲೆ ಕೆಡಿಸಿದ್ದು ಇದು. ಫೈನಲ್ ಇಯರ್ ಪಾಸಾದ ತಕ್ಷಣ ಪರಿಷತ್ತು ಒಂದು ನೋಂದಣಿ ಕೊಡುತ್ತದೆ, ನಂಬರ್ ಕೂಡ ಇರುತ್ತದೆ. ಹಾಗಾದರೆ ಲೈಸೆನ್ಸ್ ಬಂದಂತೆ ಅಲ್ವಾ? ಅಲ್ಲ. ಅದು ಪ್ರಾವಿಜನಲ್. ಇಂಟರ್ನ್‌ಶಿಪ್ ಮಾಡುವುದಕ್ಕೆ ಮಾತ್ರ ಕೊಟ್ಟ ಒಪ್ಪಿಗೆ. ತರಬೇತಿಯ ಆಸ್ಪತ್ರೆಯೊಳಗೆ, ಮೇಲಿನ ವೈದ್ಯರ ಉಸ್ತುವಾರಿಯಲ್ಲಿ ಕೆಲಸ ಮಾಡಬಹುದು. ಹೊರಗೆ ಹೋಗಿ ಸ್ವಂತವಾಗಿ ಅಲ್ಲ.

ಒಂದು ರಾತ್ರಿ ಪಾಳಿ ಅಂದುಕೊಳ್ಳಿ. ಬಿಎಂ ರಸ್ತೆಯಲ್ಲಿ ಬೈಕಿನಿಂದ ಬಿದ್ದವರೊಬ್ಬರನ್ನು ಜಿಲ್ಲಾ ಆಸ್ಪತ್ರೆಯ ಕ್ಯಾಶುವಾಲ್ಟಿಗೆ ಕರೆತಂದಿದ್ದಾರೆ. ಇಂಟರ್ನ್ ಗಾಯ ತೊಳೆಯಬಹುದು, ಡ್ಯೂಟಿ ಡಾಕ್ಟರ್ ಎದುರಿಗೇ ಹೊಲಿಗೆ ಹಾಕಬಹುದು, ಟಿಟಿ ಕೊಡಬಹುದು. ಪೊಲೀಸರಿಗೆ ಹೋಗುವ ಗಾಯದ ಸರ್ಟಿಫಿಕೇಟಿಗೆ ಮಾತ್ರ ತಾನು ಸಹಿ ಹಾಕುವ ಹಾಗಿಲ್ಲ. ಮರಣ ಪ್ರಮಾಣಪತ್ರವೂ ಅಷ್ಟೇ, ಮೆಡಿಕಲ್ ಸರ್ಟಿಫಿಕೇಟೂ ಅಷ್ಟೇ. ಈ ಮೂರನ್ನೂ ಇಂಟರ್ನ್‌ಶಿಪ್ ನಿಯಮಾವಳಿ ಹೆಸರಿಸಿಯೇ ಹೇಳಿದೆ. ಮನೆಯವರಿಗೆ ಇದು ಅರ್ಥವಾಗುವುದು ಕಷ್ಟ. ಅರಸೀಕೆರೆಯಿಂದ ಮಾವ ಫೋನ್ ಮಾಡಿ, "ಡಾಕ್ಟ್ರಾದೆ ಅಲ್ವೇನೋ, ಹುಡುಗನಿಗೊಂದು ಫಿಟ್‌ನೆಸ್ ಸರ್ಟಿಫಿಕೇಟ್ ಬರ್ಕೊಡು" ಅಂದರೆ, "ಮಾವ, ನನ್ನ ಸಹಿ ಇನ್ನೂ ನಡೆಯಲ್ಲ" ಅಂತಲೇ ಹೇಳಬೇಕು. ನರ್ಸಿಂಗ್ ಹೋಮಿನಲ್ಲಿ ರಾತ್ರಿ ಡ್ಯೂಟಿ ಡಾಕ್ಟರ್ ಆಗಿ ಬಾ ಅಂತ ಕರೆದರೂ ಉತ್ತರ ಅದೇ.

ಇನ್ನೊಂದು ಸೂಕ್ಷ್ಮ ಇದೆ. ಇಂಟರ್ನ್‌ಶಿಪ್ ಮುಗಿದ ದಿನ ಮತ್ತು ಪರ್ಮನೆಂಟ್ ನೋಂದಣಿ ಬಂದ ದಿನ, ಇವೆರಡು ಒಂದೇ ಅಲ್ಲ. ಕಾಲೇಜು ಮೊದಲು ಕಂಪ್ಲೀಷನ್ ಸರ್ಟಿಫಿಕೇಟ್ ಕೊಡಬೇಕು. ಅದನ್ನಿಟ್ಟು ಪರಿಷತ್ತಿಗೆ ಅರ್ಜಿ ಹಾಕಬೇಕು. ಆ ನಡುವಿನ ದಿನಗಳಲ್ಲಿ ನಿಮ್ಮ ಕೈಯಲ್ಲಿ ಪ್ರಾವಿಜನಲ್ ಇದೆ, ಆದರೆ ಅದು ಯಾವ ಕೆಲಸಕ್ಕೆ ಕೊಟ್ಟದ್ದೋ ಆ ಕೆಲಸ ಮುಗಿದಿದೆ. ಹಾಗಾಗಿ ಸ್ವಂತ ಪ್ರಾಕ್ಟೀಸ್ ಆಗಲೂ ಇಲ್ಲ. ಪರೀಕ್ಷೆಯಲ್ಲಿ ಈ ಪ್ರಶ್ನೆ ಬಂದರೆ ಸುಮ್ನೆ "ಇಂಟರ್ನ್‌ಶಿಪ್ ಆದಮೇಲೆ" ಅಂತ ಬರೆದು ಬಿಡಬೇಡಿ. "ಪರ್ಮನೆಂಟ್ ನೋಂದಣಿ ಆದಮೇಲೆ" ಅಂತ ಬರೆಯಿರಿ.

ಕರ್ನಾಟಕದಲ್ಲಿ ಇದರ ಜೊತೆಗೆ ಗ್ರಾಮೀಣ ಸೇವೆಯ ವಿಷಯ ಬರುತ್ತದೆ. 2012ರ ಕಡ್ಡಾಯ ಸೇವೆ ಕಾಯ್ದೆ ಒಂದು ವರ್ಷದ ಸೇವೆಯನ್ನು ಹೇಳುತ್ತದೆ. ಆಮೇಲೆ ತಿದ್ದುಪಡಿ ಬಂದು, ಖಾಲಿ ಹುದ್ದೆ ನೋಡಿಕೊಂಡು ಸರ್ಕಾರ ವಿನಾಯಿತಿ ಕೊಡಬಹುದು ಅಂತಾಯಿತು. ನಿಮ್ಮ ಬ್ಯಾಚಿಗೆ ಬಂದ ಆದೇಶ ಓದಿಕೊಂಡೇ ಅರ್ಜಿ ತುಂಬಿ. ಸಕಲೇಶಪುರ, ಮೂಡಿಗೆರೆ ಕಡೆಯ ಊರುಗಳಲ್ಲಿ ಮಳೆಗಾಲದಲ್ಲಿ ಒಬ್ಬ ಡಾಕ್ಟರ್ ಹತ್ತಿರದಲ್ಲಿದ್ದರೆ ಎಷ್ಟು ಧೈರ್ಯ ಅಂತ ನೋಡಿದವರಿಗೆ ಗೊತ್ತು. ಈ ಸೇವೆಯನ್ನು ಶಿಕ್ಷೆ ಅಂತ ನೋಡಬಾರದು ಅನ್ನುವುದು ನನ್ನ ಅಭಿಪ್ರಾಯ.

ನೆಕ್ಸ್ಟ್ ಮತ್ತು ವಿದೇಶದ ಓದು

2019ರ ಕಾಯ್ದೆಯ ಸೆಕ್ಷನ್ 15ರಲ್ಲಿ ನೆಕ್ಸ್ಟ್ ಪರೀಕ್ಷೆ ಇದೆ. ಫೈನಲ್ ಇಯರ್, ಲೈಸೆನ್ಸ್, ಪಿಜಿ ಪ್ರವೇಶ ಮೂರಕ್ಕೂ ಅದೊಂದೇ ಪರೀಕ್ಷೆ ಅನ್ನುವುದು ಉದ್ದೇಶ. ಆದರೆ 2023ರ ಜುಲೈನಲ್ಲಿ ಅದನ್ನು ಮುಂದಕ್ಕೆ ಹಾಕಿದರು. "ನೆಕ್ಸ್ಟ್ ಪಾಸಾದರೆ ಲೈಸೆನ್ಸ್" ಅಂತ ಸೀನಿಯರ್‌ಗಳ ನೋಟ್ಸಿನಲ್ಲಿದ್ದರೆ, ಅದು ಕಾಯ್ದೆಯಲ್ಲಿ ಬರೆದದ್ದು, ನಡೆಯುತ್ತಿರುವ ಪದ್ಧತಿ ಅಲ್ಲ.

ವಿದೇಶದಲ್ಲಿ ಓದಿದವರಿಗೆ ಎಫ್‌ಎಂಜಿಇ ಇದೆ. ಇಲ್ಲಿ ನೋಂದಣಿಗೆ ಬೇಕಾದ ಈ ಪರೀಕ್ಷೆಯಲ್ಲಿ 300ಕ್ಕೆ 150 ಅಂಕ ಬೇಕು. 2021ರ ನವೆಂಬರ್‌ನಲ್ಲಿ ಬಂದ ನಿಯಮದ ಪ್ರಕಾರ ಅಲ್ಲಿ ಕನಿಷ್ಠ 54 ತಿಂಗಳ ಕೋರ್ಸ್, ಅದೂ ಇಂಗ್ಲಿಷ್‌ನಲ್ಲಿ, ಅದೇ ಸಂಸ್ಥೆಯಲ್ಲಿ 12 ತಿಂಗಳ ಇಂಟರ್ನ್‌ಶಿಪ್, ಮತ್ತೆ ಇಲ್ಲಿ 12 ತಿಂಗಳು. ಆ ದೇಶದಲ್ಲಿ ವೈದ್ಯರಾಗಿ ನೋಂದಣಿಯಾಗುವ ಅರ್ಹತೆಯೂ ಇರಬೇಕು. ಮಗನನ್ನೋ ಮಗಳನ್ನೋ ಹೊರದೇಶಕ್ಕೆ ಕಳಿಸಲು ಯೋಚಿಸುತ್ತಿರುವ ಮನೆಯವರು ಏಜೆಂಟ್ ಮಾತಿಗಿಂತ ಮೊದಲು ಇದನ್ನು ಓದಬೇಕು.

ಆಯುರ್ವೇದದ ಡಿಗ್ರಿಯಾದ ಬಿಎಎಂಎಸ್ ಮಾಡಿದವರ ರಿಜಿಸ್ಟರೇ ಬೇರೆ, ಅವರ ಮಂಡಳಿಯೇ ಬೇರೆ. ಹೋಮಿಯೋಪತಿ ವೈದ್ಯರು ಅಲೋಪತಿ ಔಷಧಿ ಕೊಟ್ಟ ಪೂನಂ ವರ್ಮಾ ಪ್ರಕರಣದಲ್ಲಿ, ತನ್ನದಲ್ಲದ ಪದ್ಧತಿಯಲ್ಲಿ ಚಿಕಿತ್ಸೆ ಕೊಡುವುದೇ ನಿರ್ಲಕ್ಷ್ಯ ಅಂತ ಸುಪ್ರೀಂ ಕೋರ್ಟ್ 1996ರಲ್ಲಿ ಹೇಳಿತು. ವೈವಾದಲ್ಲಿ ಕೇಳುವ ಪ್ರಕರಣ ಇದು.

ಚೀಟಿ ಮತ್ತು ಬೋರ್ಡು

ಮನೆಯಲ್ಲಿರುವ ಯಾವುದಾದರೂ ಔಷಧಿ ಚೀಟಿ ತೆಗೆದು ನೋಡಿ. ಹೆಸರು, ಅದರ ಮುಂದೆ ಡಿಗ್ರಿ, ಅದರ ಕೆಳಗೆ ಪರಿಷತ್ತಿನ ನೋಂದಣಿ ಸಂಖ್ಯೆ. 2002ರ ವೃತ್ತಿ ನಡತೆ ನಿಯಮಾವಳಿಯಂತೆ ಆ ಸಂಖ್ಯೆ ಕ್ಲಿನಿಕ್ಕಿನಲ್ಲಿ ಕಾಣಬೇಕು, ಚೀಟಿ, ಸರ್ಟಿಫಿಕೇಟ್, ರಸೀದಿಯಲ್ಲೂ ಇರಬೇಕು. ಮುಂದೆ ಎಂಡಿ ಮಾಡಿದರೆ ಅದನ್ನೂ ಪರಿಷತ್ತಿನಲ್ಲಿ ಹೆಚ್ಚುವರಿ ಅರ್ಹತೆ ಅಂತ ಸೇರಿಸಿಕೊಳ್ಳಬೇಕು.

ಇಷ್ಟಾದರೂ ಸ್ವಂತ ಕ್ಲಿನಿಕ್ ತೆರೆಯಲು ಇನ್ನೊಂದು ಕಾಗದ ಬೇಕು. ಇಲ್ಲೂ ಕೊಟ್ಟವರು ಯಾರು ಅಂತ ಕೇಳಿ. ಖಾಸಗಿ ವೈದ್ಯಕೀಯ ಸಂಸ್ಥೆಗಳ ಕಾಯ್ದೆ, 2007ರ ಪ್ರಕಾರ ಜಿಲ್ಲಾ ಪ್ರಾಧಿಕಾರದಲ್ಲಿ ನೋಂದಣಿ ಆಗಬೇಕು. ಅದಕ್ಕೆ ಜಿಲ್ಲಾಧಿಕಾರಿ ಅಧ್ಯಕ್ಷರು, ಜಿಲ್ಲಾ ಆರೋಗ್ಯಾಧಿಕಾರಿ ಕಾರ್ಯದರ್ಶಿ. ಪರಿಷತ್ತು ನೋಂದಾಯಿಸುವುದು ಮನುಷ್ಯನನ್ನು, ಇವರು ನೋಂದಾಯಿಸುವುದು ಜಾಗವನ್ನು. ಈ ನೋಂದಣಿ ಸಂಖ್ಯೆ ಹೊರಗಿನ ಬೋರ್ಡಿನಲ್ಲಿ ಇರಬೇಕು. ಅಲೋಪತಿಗೆ ನೀಲಿ ಬೋರ್ಡು, ಆಯುರ್ವೇದಕ್ಕೆ ಹಸಿರು.