ಸಂಗ್ರಹಿಸುವ ಆಸೆ: ಮಗ್ ಪ್ರಯೋಗದಲ್ಲಿ ನಾನು ತಡವರಿಸಿದ ಜಾಗ

ಜನ ಸ್ಟ್ಯಾಂಪು, ನಾಣ್ಯ, ಬೆಂಕಿಪೊಟ್ಟಣದ ಲೇಬಲ್ಲು ಯಾಕೆ ಕೂಡಿಡುತ್ತಾರೆ ಅಂತ ಓದುತ್ತಾ ಎಂಡೋಮೆಂಟ್ ಎಫೆಕ್ಟ್ ಹತ್ತಿರ ಎರಡು ದಿನ ನಿಂತುಬಿಟ್ಟೆ. ನಿನ್ನೆ ರಾತ್ರಿ ಗಂಟು ಬಿಚ್ಚಿತು. ಮರೆಯುವ ಮೊದಲು ಬರೆದಿಡುತ್ತಿದ್ದೇನೆ.

ಅರ್ಥವೇನೋ ಸುಲಭ. ವಸ್ತು ನಮ್ಮದಾದ ಕೂಡಲೇ ನಮ್ಮ ಕಣ್ಣಿಗೆ ಅದರ ಬೆಲೆ ಏರುತ್ತದೆ. ಕಾಹ್ನೆಮನ್, ಕ್ನೆಚ್, ಥೇಲರ್ ಅನ್ನುವ ಮೂವರು ಸಂಶೋಧಕರು ಸೇರಿ 1990ರಲ್ಲಿ ಪ್ರಕಟಿಸಿದ ಕಾಫಿ ಮಗ್ ಪ್ರಯೋಗಗಳು ಎಲ್ಲರಿಗೂ ಗೊತ್ತು. ಕೆಲವರಿಗೆ ಮಗ್ ಕೊಟ್ಟು ಎಷ್ಟಕ್ಕೆ ಮಾರುತ್ತೀರಿ ಅಂತ, ಉಳಿದವರಿಗೆ ಎಷ್ಟಕ್ಕೆ ಕೊಳ್ಳುತ್ತೀರಿ ಅಂತ ಕೇಳಿದರು. ಮಗ್ ಸಿಕ್ಕವರು ಜಾಸ್ತಿ ಬೆಲೆ ಕೇಳಿದರು, ಕೊಳ್ಳುವವರು ಕಡಿಮೆ ಹೇಳಿದರು.

ನನ್ನ ತಕರಾರು ಇಲ್ಲೇ ಇತ್ತು. ಇದು ಸಂತೆಯಲ್ಲಿ ದಿನಾ ನಡೆಯುವುದೇ ಅಲ್ವಾ? ಮಾರುವವರು ಏರಿಸುತ್ತಾರೆ, ಕೊಳ್ಳುವವರು ಇಳಿಸುತ್ತಾರೆ, ಅದೂ ಅಲ್ಲದೆ ಕೊಳ್ಳುವವರ ಜೇಬಿನಿಂದ ದುಡ್ಡು ಹೋಗಬೇಕು. ಇದರಲ್ಲಿ ಮನಸ್ಸಿನ ಮಾತು ಎಲ್ಲಿ ಬಂತು?

ಉತ್ತರ ಇರುವುದು ಮೂರನೇ ಗುಂಪಿನಲ್ಲಿ. ನಾನು ಅದನ್ನು ಹಾರಿಸಿಕೊಂಡು ಓದಿದ್ದೆ. ಅವರ ಒಂದು ಪ್ರಯೋಗದಲ್ಲಿ ಮಾರುವವರು, ಕೊಳ್ಳುವವರ ಜೊತೆಗೆ ಆಯ್ಕೆ ಮಾಡುವವರೂ ಇದ್ದರು. ಇವರ ಕೈಗೆ ಮಗ್ ಕೊಟ್ಟಿರಲಿಲ್ಲ. ಒಂದೊಂದು ಬೆಲೆಗೂ 'ಮಗ್ ಬೇಕಾ, ಇಷ್ಟು ದುಡ್ಡು ಬೇಕಾ' ಅಂತ ಕೇಳಿದರು, ಅಷ್ಟೇ. ಮಧ್ಯದ ಬೆಲೆಗಳು (ಗುಂಪಿನ ಅರ್ಧ ಜನ ಇದಕ್ಕಿಂತ ಮೇಲೆ, ಅರ್ಧ ಜನ ಕೆಳಗೆ) ಹೀಗೆ ಬಂದವು: ಮಾರುವವರು 7.12 ಡಾಲರ್, ಆಯ್ಕೆಯವರು 3.12, ಕೊಳ್ಳುವವರು 2.87.

ಈಗ ನಿಧಾನವಾಗಿ ನೋಡಿ. ಬೆಲೆ 5 ಡಾಲರ್ ಅಂದುಕೊಳ್ಳಿ. ಮಾರುವವರು ಒಪ್ಪಿದರೆ 5 ಡಾಲರ್ ಹಿಡಿದು ಮನೆಗೆ ಹೋಗುತ್ತಾರೆ, ಒಪ್ಪದಿದ್ದರೆ ಮಗ್ ಹಿಡಿದು ಹೋಗುತ್ತಾರೆ. ಆಯ್ಕೆಯವರ ಕಥೆಯೂ ಅದೇ: 5 ಡಾಲರ್, ಇಲ್ಲಾ ಮಗ್. ಇಬ್ಬರೂ ಜೇಬಿನಿಂದ ಒಂದು ಪೈಸೆ ಬಿಚ್ಚುವುದಿಲ್ಲ, ದುಡ್ಡು ಜಾಸ್ತಿ ಬಂದರೆ ಇಬ್ಬರಿಗೂ ಲಾಭವೇ, ಆದ್ದರಿಂದ ಚೌಕಾಸಿ ಬುದ್ಧಿ ಅನ್ನುವುದಾದರೆ ಅದು ಇಬ್ಬರಲ್ಲೂ ಒಂದೇ ಥರ ಕೆಲಸ ಮಾಡಬೇಕಿತ್ತು. ಆದರೂ ಎರಡು ಪಟ್ಟಿಗಿಂತ ಜಾಸ್ತಿ ಅಂತರ! ವ್ಯತ್ಯಾಸ ಇರುವುದು ಶುರುವಿನಲ್ಲಿ ಮಾತ್ರ. ಮಾರುವವರಿಗೆ ಮಗ್ ಕೈಬಿಟ್ಟು ಹೋಗುತ್ತದೆ, ಅದು ನಷ್ಟ. ಆಯ್ಕೆಯವರಿಗೆ ಎರಡೂ ಬರುವ ಲಾಭವೇ. ನಷ್ಟದ ನೋವು ಲಾಭದ ಖುಷಿಗಿಂತ ದೊಡ್ಡದು. ನಾನು ನೆನಪಿಟ್ಟುಕೊಂಡಿದ್ದು ಹೀಗೆ: ಕೊನೆಗೆ ಕೈಯಲ್ಲಿ ಏನಿದೆ ಅಂತ ನೋಡಬೇಡ, ಮೊದಲು ಏನಿತ್ತು ನೋಡು.

ಆದರೆ ಸಂಗ್ರಹಕ್ಕೆ ಇದೊಂದೇ ಸಾಲದು ಅಂತ ನನಗೆ ಬಲವಾಗಿ ಅನಿಸುತ್ತದೆ. ಸ್ಟ್ಯಾಂಪ್ ಕೂಡಿಡುವವರು ಡಬಲ್ ಇರುವುದನ್ನು ಸುಲಭವಾಗಿ ಬದಲಿಸಿಕೊಳ್ಳುತ್ತಾರೆ. ಅದೂ ಅವರದ್ದೇ ಅಲ್ವಾ? ಅರ್ಥಶಾಸ್ತ್ರಜ್ಞ ಜಾನ್ ಲಿಸ್ಟ್ 2003ರಲ್ಲಿ ಪ್ರಕಟಿಸಿದ ಅಧ್ಯಯನ ಕ್ರೀಡಾ ಕಾರ್ಡುಗಳ ಮಾರುಕಟ್ಟೆಯಲ್ಲೇ ನಡೆದದ್ದು. ವ್ಯಾಪಾರದಲ್ಲಿ ಪಳಗಿದವರಲ್ಲಿ ಈ ಎಫೆಕ್ಟ್ ತುಂಬಾ ಕಡಿಮೆ. ಕೊಟ್ಟುಬಿಡಲೆಂದೇ ಇಟ್ಟುಕೊಂಡ ವಸ್ತು ಹೋದರೆ ನಷ್ಟ ಅನಿಸುವುದಿಲ್ಲ ಅಂತ ನಾನು ಅರ್ಥ ಮಾಡಿಕೊಂಡೆ.

ಇಲ್ಲಿ ಗ್ರಾಹಕರ ವರ್ತನೆಯ ಸಂಶೋಧಕ ರಸೆಲ್ ಬೆಲ್ಕ್ ನೆರವಿಗೆ ಬರುತ್ತಾರೆ. ಅವರ ಪ್ರಕಾರ ಸಂಗ್ರಹ ಅಂದರೆ ದಿನಬಳಕೆಯಿಂದ ಹೊರಗೆ ತಂದ, ಒಂದರಂತೆ ಇನ್ನೊಂದಿಲ್ಲದ ವಸ್ತುಗಳ ಒಂದು ಸೆಟ್. ಡಬಲ್‌ಗೆ ಆ ಸೆಟ್‌ನಲ್ಲಿ ಜಾಗವೇ ಇಲ್ಲ! ನಮ್ಮ ವಸ್ತುಗಳು 'ನಾನು' ಅನ್ನುವುದರ ಭಾಗವಾಗುತ್ತವೆ ಅಂತಲೂ ಅವರು 1988ರಲ್ಲಿ ಬರೆದರು.

ಹೋರ್ಡಿಂಗ್, ಅಂದರೆ ಬೇಡದ್ದನ್ನೂ ಗುಡ್ಡೆ ಹಾಕಿಕೊಳ್ಳುವುದರ ಜೊತೆ ಇದನ್ನು ಬೆರೆಸಬೇಡಿ. ಅದು ಅಮೆರಿಕದ ಮನೋವೈದ್ಯರ ಕೈಪಿಡಿಯಾದ 2013ರ ಡಿಎಸ್‌ಎಂ-5ರಲ್ಲಿ ಪ್ರತ್ಯೇಕ ಕಾಯಿಲೆ. ಅಲ್ಲಿ ಏನನ್ನೂ ಬಿಸಾಡಲು ಆಗುವುದಿಲ್ಲ, ಮನೆ ಬಳಸಲಾರದಷ್ಟು ತುಂಬಿಹೋಗುತ್ತದೆ.

ಸೆಟ್‌ನ ಎಳೆತಕ್ಕೆ, ಅಂದರೆ ಅದನ್ನು ಪೂರ್ತಿ ಮಾಡಬೇಕೆನ್ನುವ ಆಸೆಗೆ, ನನಗಿಷ್ಟವಾದ ಉದಾಹರಣೆ ಕಾರು ತೊಳೆಯುವ ಅಂಗಡಿಯದು. ನ್ಯೂನ್ಸ್ ಮತ್ತು ಡ್ರೆಝ್ ಅನ್ನುವ ಸಂಶೋಧಕರು 2006ರಲ್ಲಿ ಪ್ರಕಟಿಸಿದ್ದು. ಪ್ರತಿ ಸಲ ಕಾರು ತೊಳೆಸಿದಾಗ ಕಾರ್ಡಿಗೆ ಒಂದು ಮುದ್ರೆ, ಕಾರ್ಡು ತುಂಬಿದರೆ ಒಂದು ಸಲ ಪುಕ್ಕಟೆ. ಕೆಲವರಿಗೆ 8 ಮುದ್ರೆ ಬೇಕಾದ ಖಾಲಿ ಕಾರ್ಡು. ಇನ್ನು ಕೆಲವರಿಗೆ 10 ಮುದ್ರೆಯ ಕಾರ್ಡು, ಆದರೆ 2 ಮೊದಲೇ ಒತ್ತಿದ್ದು. ಇಬ್ಬರಿಗೂ ಬಾಕಿ 8. ಕಾರ್ಡು ತುಂಬಿಸಿದವರು ಖಾಲಿ ಕಾರ್ಡಿನವರಲ್ಲಿ 19%, ಎರಡು ಮುದ್ರೆ ಮೊದಲೇ ಇದ್ದವರಲ್ಲಿ 34%.

ನಮ್ಮ ಚಿಕ್ಕಪ್ಪನ ನಾಣ್ಯದ ಫೋಲ್ಡರಿನಲ್ಲಿ ಒಂದು ಪೈಸೆ, ಮೂರು ಪೈಸೆ, ಐದು ಪೈಸೆ ಸಾಲಾಗಿ ಕೂತಿವೆ, ಎರಡು ಪೈಸೆಯ ಜಾಗ ಮಾತ್ರ ಖಾಲಿ. ಯಾರ ಮನೆಗೆ ಹೋದರೂ ಅವರು ಈಗಲೂ ಅದನ್ನೇ ಕೇಳುತ್ತಾರೆ.