ಹೆಪ್ಪು ಎತ್ತಿಡುವ ಜೀವಕೋಶ

ಜಗಳೂರು ಕಡೆಯ ತಾಯಿಯೊಬ್ಬರು ದಾವಣಗೆರೆಯ ನಮ್ಮ ಲ್ಯಾಬಿಗೆ ಬಂದಿದ್ದರು. ಆರು ವರ್ಷದ ಮಗನಿಗೆ ಥಲಸೀಮಿಯಾ, ಅಂದರೆ ಮೈ ಸರಿಯಾದ ಕೆಂಪು ರಕ್ತಕಣ ಮಾಡಲಾರದ ಹುಟ್ಟು ಕಾಯಿಲೆ. ಮೂರು ವಾರಕ್ಕೊಮ್ಮೆ ರಕ್ತ ಕೊಡಿಸಲೇಬೇಕು. ಅಕ್ಕನ ಸ್ಟೆಮ್ ಸೆಲ್ (ಮೂಳೆಯ ಮಜ್ಜೆಯಲ್ಲಿದ್ದು ರಕ್ತಕಣಗಳನ್ನು ಹುಟ್ಟಿಸುವ ಮೂಲ ಕೋಶ) ಇವನಿಗೆ ಹೊಂದುತ್ತದೆ ಎಂದು ಬೆಂಗಳೂರಿನಲ್ಲಿ ಹೇಳಿದ್ದರಂತೆ. “ಮೇಡಂ, ಅವಳ ಮೂಳೆ ಕೊಯ್ತಾರಾ?” ಎಂದು ಕೇಳುವಾಗ ಅವರ ಕೈ ನಡುಗುತ್ತಿತ್ತು.

ಕೊಯ್ಯುವುದಿಲ್ಲ. ಅರಿವಳಿಕೆ ಕೊಟ್ಟು, ಸೊಂಟದ ಮೂಳೆಯೊಳಗಿನ ಮಜ್ಜೆಯನ್ನು ಸೂಜಿಯಲ್ಲಿ ಎಳೆಯುತ್ತಾರೆ. ನೋಡಲು ರಕ್ತದ ಹಾಗೇ ಇರುತ್ತದೆ. ಕೆಲವೇ ವಾರಗಳಲ್ಲಿ ಅಕ್ಕನ ಮೈ ಅದನ್ನು ಮತ್ತೆ ತುಂಬಿಕೊಳ್ಳುತ್ತದೆ.

ಹೇಗೆ? ಮೊಸರು ಬಡಿಸುವ ಮೊದಲು ನಾಳೆಯ ಹೆಪ್ಪಿಗೆ ಒಂದು ಚಮಚ ಎತ್ತಿಡುತ್ತೇವೆ ಅಲ್ವಾ? ಸ್ಟೆಮ್ ಸೆಲ್ ಮಾಡುವುದೂ ಅದನ್ನೇ. ಅದು ಒಡೆದು ಎರಡಾಗುತ್ತದೆ. ಕೆಲವು ಕೆಂಪು ಕಣ, ಬಿಳಿ ಕಣ, ಪ್ಲೇಟ್‌ಲೆಟ್ ಆಗಲು ಹೊರಡುತ್ತವೆ, ಕೆಲವು ಹೆಪ್ಪಾಗಿಯೇ ಉಳಿಯುತ್ತವೆ. ಕೆಂಪು ಕಣದ ಆಯಸ್ಸು ಸುಮಾರು 120 ದಿನ. ಹಾಗಾಗಿ ಮೈ ಸೆಕೆಂಡಿಗೆ ಸುಮಾರು 20 ಲಕ್ಷ ಹೊಸ ಕಣ ಮಾಡುತ್ತಲೇ ಇರಬೇಕು.

ಮಜ್ಜೆಯನ್ನು ಸ್ಲೈಡಿಗೆ ಸವರಿ, ಬಣ್ಣ ಹಾಕಿ ನೋಡುವುದು ನನ್ನ ದಿನದ ಕೆಲಸ. ಎಳೆಯ ಕೆಂಪು ಕಣ, ಪ್ಲೇಟ್‌ಲೆಟ್ ಉದುರಿಸುವ ದೊಡ್ಡ ಕೋಶ, ಎಲ್ಲ ಗುರುತು ಸಿಗುತ್ತವೆ. ಸ್ಟೆಮ್ ಸೆಲ್ ಮಾತ್ರ ಸಿಗಲ್ಲ. ನೋಡಲು ಸುಮ್ನೆ ಒಂದು ಸಣ್ಣ ಬಿಳಿ ಕಣದ ಹಾಗಿರುತ್ತದೆ. 1961ರಲ್ಲಿ ಕೆನಡಾದ ವಿಜ್ಞಾನಿಗಳಾದ ಟಿಲ್ ಮತ್ತು ಮೆಕಲಕ್ ವಿಕಿರಣ ಕೊಟ್ಟ ಇಲಿಗಳಿಗೆ ಮಜ್ಜೆ ಕೊಟ್ಟು ನೋಡಿದರು. ಇಲಿಗಳ ಗುಲ್ಮದಲ್ಲಿ (ಸ್ಪ್ಲೀನ್) ಗಂಟುಗಳು ಎದ್ದವು. ಒಂದೊಂದು ಗಂಟೂ ಒಂದೇ ಕೋಶದ ಸಂತಾನ ಎಂದು ಆಮೇಲೆ ತಿಳಿಯಿತು. ರೂಪದಿಂದ ಸಿಗದ್ದು ಕೆಲಸದಿಂದ ಸಿಕ್ಕಿತು.

“ಹಾಗಾದ್ರೆ ನಮ್ಮತ್ತೆ ಮಂಡಿಗೂ ಹಾಕಿಸಬಹುದಾ?” ಎಂದು ಆ ತಾಯಿ ಕೇಳಿದರು. ವಿಜ್ಞಾನಿಗಳು ಇನ್ನೂ ಹುಡುಕುತ್ತಿರುವುದು ಇದನ್ನೇ. ರಕ್ತದ ಸ್ಟೆಮ್ ಸೆಲ್ ಡ್ರಿಪ್‌ನಲ್ಲಿ ಕೊಟ್ಟರೂ ತಾನೇ ಮೂಳೆ ಹುಡುಕಿಕೊಂಡು ಹೋಗಿ ಕೂರುತ್ತದೆ. ಮಂಡಿಯಲ್ಲಿ, ಮಿದುಳಿನಲ್ಲಿ ಅಷ್ಟು ಸಲೀಸಲ್ಲ. 2006ರಲ್ಲಿ ಜಪಾನಿನ ವಿಜ್ಞಾನಿ ಯಮನಾಕ ನಾಲ್ಕೇ ಜೀನ್ ಸೇರಿಸಿ ಇಲಿಯ ಚರ್ಮದ ಕೋಶವನ್ನು ಸ್ಟೆಮ್ ಸೆಲ್‌ನಂತೆ ಮಾಡಿದರು. ಈಗ ರೋಗಿಯದೇ ಕೋಶ ಬೆಳೆಸಿ, ಕಾಯಿಲೆ ಎಲ್ಲಿ ಶುರುವಾಗುತ್ತದೆ ಎಂದು ತಟ್ಟೆಯಲ್ಲೇ ನೋಡಬಹುದು. ಆದರೆ ಮಂಡಿಗೆ ಲಕ್ಷಗಟ್ಟಲೆ ಕಟ್ಟಿಸಿಕೊಂಡು ಚುಚ್ಚುವುದನ್ನು ನಾನು ಒಪ್ಪಲ್ಲ. ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿಯ (ಐಸಿಎಂಆರ್) 2017ರ ಮಾರ್ಗಸೂಚಿಯೂ ಅಂಥದ್ದನ್ನು ಅನುಮತಿ ಪಡೆದ ಪ್ರಯೋಗದಲ್ಲಿ ಮಾತ್ರ ಮಾಡಬೇಕು ಎನ್ನುತ್ತದೆ.

ಮಗನ ವಿಷಯ ಬೇರೆ. ಒಡಹುಟ್ಟಿದವರದು ಹೊಂದುವ ಸಾಧ್ಯತೆ ನಾಲ್ಕರಲ್ಲಿ ಒಂದು, ಅದು ಇವರಿಗೆ ಸಿಕ್ಕಿದೆ. ಪದೇ ಪದೇ ರಕ್ತ ಕೊಟ್ಟರೆ ಲಿವರ್, ಹೃದಯದಲ್ಲಿ ಕಬ್ಬಿಣ ಕೂರುತ್ತದೆ. ಅದು ಜಾಸ್ತಿ ಆಗುವ ಮುಂಚೆಯೇ ಹೋಗಿ ಬನ್ನಿ ಎಂದೆ. ಅಕ್ಕನನ್ನೂ ಕರೆದುಕೊಂಡು ಮುಂದಿನ ವಾರ ಹೊರಡುತ್ತಾರಂತೆ.